ನ್ಯೂಯಾರ್ಕಿನಲ್ಲಿ ಟ್ಯಾಪ್ ನೃತ್ಯಾಭ್ಯಾಸ

ಮಗಳನ್ನು ಕಾಣಲು ನ್ಯೂಯಾರ್ಕಿಗೆ ಹೋದ ನಾವು ಅರುವತ್ತರ ವಯಸ್ಸಿನಲ್ಲಿ ಟ್ಯಾಪ್ ನೃತ್ಯದ ಪಾಠಕ್ಕೆ ಸೇರಿದೆವೆಂದರೆ ವಾಚಕರು ನಕ್ಕಾರು. ಪಾದರಕ್ಷೆಯ ತುದಿಗೂ ಹಿಮ್ಮಡಿಗೂ ಲೋಹದ ತಗಡು, ನೆಲವೇ ಮದ್ದಳೆ. 1740ರಲ್ಲಿ ದಕ್ಷಿಣ ಕೆರೋಲಿನದ ಶಾಸನವು ದಾಸ್ಯದಲ್ಲಿದ್ದ ಆಫ್ರಿಕದವರಿಗೆ ಭೇರೀವಾದನವನ್ನು ನಿಷೇಧಿಸಿತು. ಕೈ ಕಳೆದುಕೊಂಡ ತಾಳವನ್ನು ಕಾಲು ಕಾಪಾಡಿತೆಂಬರು. ಐರಿಷರ ಜಿಗ್ ಕುಣಿತವೂ ಅದರೊಡನೆ ಬೆರೆಯಿತು.

30 ವರ್ಷ ಛಂದಸ್ಸನ್ನು ಬೋಧಿಸಿದ ನಮಗೆ ಲಘುಗುರುಗಳ ಲೆಕ್ಕವು ಬಾಯಿಗೆ ಬಂದಿತೇ ಹೊರತು ಕಾಲಿಗಿಳಿಯಲಿಲ್ಲ. ಎರಡು ಬಾರಿ ಪಾಠವನ್ನು ಬಿಡಲೆಣಿಸಿದೆವು. ಹಾರ್ಲೆಮಿನ ಒಂದು ಕೂಟದ ಕಡೆಯಲ್ಲಿ, ವಾಡಿಕೆಯಂತೆ, ಎಲ್ಲರೂ ಸಾಲಾಗಿ ‘ಷಿಮ್ ಷಾಮ್’ ಕುಣಿಯತೊಡಗಿದರು. ನಾವು ಗೋಡೆಗೊರಗಿ ನಿಂತೆವು. ವೃದ್ಧ ನರ್ತಕಿಯೊಬ್ಬರು ತೋಳು ಹಿಡಿದು ನಮ್ಮನ್ನು ಸಾಲಿಗೆಳೆದುಕೊಂಡರು. ನಮ್ಮ ಹೆಜ್ಜೆ ಒಂದು ಮಾತ್ರೆ ತಡವಾಗಿ ಬಿದ್ದಿತು. ಆಕೆ ತಿರುಗಿಯೂ ನೋಡದೆ, ಮುಂದಿನ ಹೆಜ್ಜೆಯನ್ನು ನಮಗೆ ಕೇಳುವಂತೆ ಗಟ್ಟಿಯಾಗಿ ತಟ್ಟಿದರು.