‘ಇವತ್ತು ಬೇಡ’ ಅನ್ನಬಲ್ಲ ಬಳಗ

ಪ್ರಿಯ ಗೆಳತಿ,

ನಿಮ್ಮ ಕಾಗದ ಬಂತು. ಕೆಲಸದ ಮೇಲೆ ಮಂಗಳಗಿರಿಗೆ ಹೋದ ಮಗಳು ವರ್ಷ ತುಂಬುವ ಮೊದಲೇ ಫೋನು ಮಾಡಿ, ‘ಸ್ಕೂಬಾ ಕಲಿಯುವವರ ಗುಂಪು ಸೇರಿದ್ದೀನಮ್ಮಾ, ಅಭ್ಯಾಸ ವಿಜಯವಾಡದ ಈಜುಕೊಳದಲ್ಲಿ, ಆಮೇಲೆ ವಿಶಾಖಪಟ್ಟಣದ ಕಡಲು’ ಅಂದಳಂತೆ. ಅವತ್ತಿನಿಂದ ನಿಮಗೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿದೆಯಂತೆ. ದಾವಣಗೆರೆಯಲ್ಲಿ ಕೂತ ತಾಯಿಗೆ ಇದು ಸಹಜವೇ. ‘ನಿಮಗೆ ಆ ಹುಚ್ಚು ಇದೆಯಲ್ಲ, ಹೇಳಿ, ಕಳಿಸಲೋ ಬೇಡವೋ?’ ಎಂದು ಕೇಳಿದ್ದೀರಿ. ಬಳಗ ಎಂಥದ್ದು ಅನ್ನುವುದರ ಮೇಲೆ ನನ್ನ ಉತ್ತರ ನಿಂತಿದೆ. ಅದಕ್ಕೇ ಕಾಗದ ಉದ್ದವಾಗುತ್ತದೆ. ಸಾವಕಾಶವಾಗಿ ಓದಿ.

ಮೊದಲು ಊರಿನ ವಿಚಾರ. ಮಂಗಳಗಿರಿ ಅಂದರೆ ನಮಗೆ ನಿಜಾಂ ಅಂಚಿನ ಹತ್ತಿ ಸೀರೆ, ಬೆಟ್ಟದ ಮೇಲಿನ ಪಾನಕಾಲ ನರಸಿಂಹಸ್ವಾಮಿ, ಕೆಳಗಿನ ದೇವಸ್ಥಾನಕ್ಕೆ ವಾಸಿರೆಡ್ಡಿ ವೆಂಕಟಾದ್ರಿ ನಾಯ್ಡು ಕಟ್ಟಿಸಿದ 11 ಅಂತಸ್ತಿನ ಗೋಪುರ. ಅಲ್ಲಿ ಕಡಲಿಲ್ಲ. ಪಕ್ಕದ ವಿಜಯವಾಡದಲ್ಲಿರುವುದು ಕೃಷ್ಣೆ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿದ ನೀರೇ ಅಲ್ಲಿ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಹಿಂದೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಮುಖಜಭೂಮಿ. ನದಿ ಹೊತ್ತು ತಂದ ಹೂಳು ಸೇರುವ ಕಡಲು ಕದಡಿರುತ್ತದೆ. ತಳವೆಲ್ಲ ಕೆಸರು, ಮರಳು. ಮುಳುಗಿದರೆ ಚಾಚಿದ ಕೈಯೇ ಕಾಣದಿರಬಹುದು.

ವಿಶಾಖಪಟ್ಟಣದಲ್ಲಿ ಹಾಗಲ್ಲ. ಪೂರ್ವಘಟ್ಟದ ಗುಡ್ಡಗಳು ಅಲ್ಲಿ ನೇರವಾಗಿ ನೀರಿಗೇ ಬಂದು ನಿಲ್ಲುತ್ತವೆ. ಡಾಲ್ಫಿನ್ಸ್ ನೋಸ್, ರುಷಿಕೊಂಡ, ಭೀಮಿಲಿಯವರೆಗೆ ಕಲ್ಲುಬಂಡೆಯ ತೀರ. ಬಂಡೆ ಇದ್ದಲ್ಲಿ ಪಾಚಿ, ಚಿಪ್ಪು, ಮೃದು ಹವಳ ಹಿಡಿಯುತ್ತವೆ, ಅವನ್ನು ಹುಡುಕಿಕೊಂಡು ಮೀನು ಬರುತ್ತವೆ, ಮೀನು ನೋಡಲು ಮನುಷ್ಯ ಇಳಿಯುತ್ತಾನೆ. ಹಾಗಾಗಿ ವಿಜಯವಾಡದ ಕಡೆಯವರು ಈಜುಕೊಳದಲ್ಲಿ ಪಳಗಿ, ಸುಮಾರು 350 ಕಿಲೋಮೀಟರ್ ರೈಲಿನಲ್ಲಿ ಹೋಗಿ ಕಡಲಿಗಿಳಿಯುವುದು. ರತ್ನಾಚಲ್ ಎಕ್ಸ್‌ಪ್ರೆಸ್ ಹಳೆಯ ನೆಂಟ. 2023ರ ಜನವರಿಯಿಂದ ವಂದೇ ಭಾರತ್ ಕೂಡ ಇದೆ. ನಮ್ಮ ಬೆಂಗಳೂರಿನ ಹುಡುಗರು ಊರಿನ ಕೊಳದಲ್ಲಿ ಕಲಿತು ನೇತ್ರಾಣಿ ದ್ವೀಪಕ್ಕೆಂದು ಮುರ್ಡೇಶ್ವರದ ರಾತ್ರಿ ಬಸ್ಸು ಹತ್ತುತ್ತಾರಲ್ಲ, ಅದೇ ಕಥೆ.

ವಿಶಾಖಪಟ್ಟಣಕ್ಕೆ ಇನ್ನೊಂದು ಅನುಕೂಲವೂ ಇದೆ. ಅದು ನೌಕಾಪಡೆಯ ಪೂರ್ವ ಕಮಾಂಡಿನ ಊರು. 1969ರಲ್ಲಿ ಸೇವೆಗೆ ಸೇರಿದ ಕುರ್ಸುರಾ ಜಲಾಂತರ್ಗಾಮಿ 2002ರಿಂದ ಅಲ್ಲಿನ ರಾಮಕೃಷ್ಣ ಬೀಚಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. 1971ರ ಡಿಸೆಂಬರ್ 3–4ರ ನಡುರಾತ್ರಿ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ಇವತ್ತಿಗೂ ಅದೇ ತೀರದಾಚೆ ತಳದಲ್ಲಿದೆ. ಅದು ಹವ್ಯಾಸಿಗಳು ಇಳಿಯುವ ಆಳವೂ ಅಲ್ಲ, ಆಡುವ ಜಾಗವೂ ಅಲ್ಲ. ಮಗಳು ಅದರ ಹೆಸರೆತ್ತಿದರೆ ಹಾಗೇ ಹೇಳಿ. ನೀರಿನೊಳಗಿನ ಕೆಲಸ ಬಲ್ಲ ಜನ ಊರಲ್ಲೇ ಇದ್ದದ್ದರಿಂದ ನಾಗರಿಕರಿಗೂ ಆ ವಿದ್ಯೆ ಇಳಿದು ಬಂತು. ರುಷಿಕೊಂಡದ ಆಸುಪಾಸಿನಲ್ಲಿ ಲಿವ್‌ಇನ್ ಅಡ್ವೆಂಚರ್ಸ್, ಪ್ಲಾಟಿಪಸ್ ಎಸ್ಕೇಪ್ಸ್‌ನಂಥ ತಂಡಗಳು ಬೆಳೆದದ್ದು ಈ ನೆಲದಲ್ಲೇ. 2020ರಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತಲ್ಲ, ನಮ್ಮ ಪಡುಬಿದ್ರಿ, ಕಾಸರಕೋಡುಗಳ ಜೊತೆ ರುಷಿಕೊಂಡವೂ ಆ ಪಟ್ಟಿಯಲ್ಲಿತ್ತು.

ಈಗ ನಿಮ್ಮ ಭಯದ ವಿಷಯ. ಭಯ ಇರಬೇಕಾದದ್ದೇ, ಆದರೆ ಇರಬೇಕಾದ ಕಡೆ ಇರಬೇಕು. ಶಾರ್ಕ್ ಬಂದು ಕಚ್ಚೀತು ಅನ್ನುವುದು ಸಿನಿಮಾ ಭಯ. ನಿಜವಾದ ಎದುರಾಳಿ ಒತ್ತಡ. ಪ್ರತಿ 10 ಮೀಟರ್ ಆಳಕ್ಕೆ ನೀರು ಒಂದು ವಾಯುಮಂಡಲದಷ್ಟು ಒತ್ತಡ ಹೇರುತ್ತದೆ. 10 ಮೀಟರಿನಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶಕ್ಕೇ ಪೆಟ್ಟು. ಅದಕ್ಕೇ ಮೊದಲ ಪಾಠ, ಯಾವತ್ತೂ ಉಸಿರು ಕಟ್ಟಬೇಡ. ಎರಡನೆಯದು, ನಿಧಾನವಾಗಿ ಮೇಲೆ ಬಾ. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಬೇಡ, 5 ಮೀಟರಿನ ಬಳಿ ಮೂರು ನಿಮಿಷ ನಿಲ್ಲು. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಸಾವಕಾಶವಾಗಿ ಹೊರಗೆ ಹೋಗಬೇಕು. ಅವಸರ ಮಾಡಿದರೆ ಮೈಯೊಳಗೇ ಗುಳ್ಳೆ ಕಟ್ಟುತ್ತದೆ. ಡೈವ್ ಮುಗಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು ಎನ್ನುವುದೂ ಇದಕ್ಕೇ. ರೈಲಿನಲ್ಲಿ ವಿಜಯವಾಡಕ್ಕೆ ಮರಳುವ ನಿಮ್ಮ ಮಗಳಿಗೆ ಆ ತಾಪತ್ರಯವಿಲ್ಲ.

ಗಾಳಿಯ ಲೆಕ್ಕ ಹೇಳುವುದಕ್ಕೆ ಮಂಗಳಗಿರಿಯ ಸ್ವಾಮಿಯನ್ನೇ ಕರೆಯುತ್ತೇನೆ. ಬೆಟ್ಟದ ಮೇಲೆ ಅರ್ಚಕರು ಬೆಲ್ಲದ ಪಾನಕವನ್ನು ಶಂಖದಿಂದ ಸ್ವಾಮಿಯ ಬಾಯಿಗೆ ಹೊಯ್ಯುತ್ತಾರೆ, ಗುಟುಕರಿಸುವ ಸದ್ದು ಕೇಳುತ್ತದೆ, ಎಷ್ಟು ದೊಡ್ಡ ಬಿಂದಿಗೆ ಒಯ್ದರೂ ಸ್ವಾಮಿ ಅರ್ಧ ಕುಡಿದು ಇನ್ನರ್ಧವನ್ನು ಭಕ್ತರಿಗೇ ಬಿಡುತ್ತಾನೆಂದು ನಂಬಿಕೆ. ಡೈವರನ ಸಿಲಿಂಡರಿಗೂ ಇದೇ ಶಿಸ್ತು. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿಕೊಂಡು ಇಳಿದವರು ಗೇಜಿನ ಮುಳ್ಳು 100ಕ್ಕೆ ಬಂದ ಕೂಡಲೇ ಜೊತೆಗಾರನಿಗೆ ತೋರಿಸಿ ದೋಣಿಯ ಕಡೆ ತಿರುಗುತ್ತಾರೆ. ಮೇಲೆ ಬಂದಾಗ 50 ಇನ್ನೂ ಉಳಿದಿರಬೇಕು. ಚಂದದ ಮೀನು ಅಡ್ಡ ಬಂತೆಂದು ಈ ಲೆಕ್ಕ ಮುರಿಯುವ ಹಾಗಿಲ್ಲ.

ಇಷ್ಟೂ ಪುಸ್ತಕದಲ್ಲಿದೆ. ಹಾಗಿದ್ದರೆ ಬಳಗ ಏಕೆ ಬೇಕು? ಇದೇ ನಾನು ಹೇಳಬೇಕಿದ್ದ ಮಾತು.

ಡೈವಿಂಗಿನಲ್ಲಿ ಎಲ್ಲ ನಿಯಮಕ್ಕೂ ಮೇಲಿನ ನಿಯಮ ಒಂದಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಡೈವ್ ನಿಲ್ಲಿಸಬಹುದು, ಕಾರಣ ಹೇಳಲೇಬೇಕೆಂದಿಲ್ಲ. ನೀರೊಳಗೆ ಹೆಬ್ಬೆರಳು ಮೇಲೆತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದು ಅರ್ಥ. ಅದಕ್ಕೆ ಎದುರು ಮಾತಿಲ್ಲ. ಮೂವತ್ತು ವರ್ಷದ ಅನುಭವಿಯೂ ಮೊನ್ನೆ ಕಲಿತ ಹುಡುಗಿಯ ಹೆಬ್ಬೆರಳು ಕಂಡರೆ ತಿರುಗಲೇಬೇಕು. ಕೇಳಲು ಸುಲಭ. ಆದರೆ ಹತ್ತು ಜನ ಅಪರಿಚಿತರ ದೋಣಿಯಲ್ಲಿ ಕೂತಿದ್ದೀರಿ, ಸಾವಿರಗಟ್ಟಲೆ ದುಡ್ಡು ಕಟ್ಟಿದ್ದೀರಿ, ಕ್ಯಾಮೆರಾದವನು ಕಾಯುತ್ತಿದ್ದಾನೆ ಅನ್ನಿ. ‘ನನಗೆ ನೆಗಡಿ, ಕಿವಿ ತೆರೆಯುತ್ತಿಲ್ಲ, ಇವತ್ತು ಬೇಡ’ ಅನ್ನಲು ನಾಲಗೆ ಏಳುತ್ತದೆಯೇ? ಒಂದು ಕರಾವಳಿಯಲ್ಲಿ ನಾನೇ ನೋಡಿದ್ದೇನೆ. ಮೂಗು ಕಟ್ಟಿದ ಹುಡುಗನೊಬ್ಬ ತಡವರಿಸುತ್ತಿದ್ದ. ಕರೆದುಕೊಂಡು ಹೋದವರು ‘ಏನೂ ಆಗಲ್ಲ ಸಾರ್, ಎಲ್ಲರೂ ಹೋಗ್ತಾರೆ’ ಎಂದು ಬೆನ್ನು ತಟ್ಟಿ ಇಳಿಸಿದರು. ನಾಲ್ಕೈದು ಮೀಟರ್ ಹೋಗುವಷ್ಟರಲ್ಲಿ ಕಿವಿ ಹಿಡಿದುಕೊಂಡು ಮೇಲೆ ಬಂದ. ದುಡ್ಡೂ ಹೋಯಿತು, ಕಡಲಿನ ಆಸೆಯೂ ಹೋಯಿತು.

ಭಾನುವಾರ ಭಾನುವಾರ ಸೇರುವ ಬಳಗದಲ್ಲಿ ಹೀಗಾಗುವುದು ಕಡಿಮೆ. ಒಬ್ಬರು ಇನ್ನೊಬ್ಬರ ಕೆಮ್ಮು ಬಲ್ಲವರು, ಯಾರು ಯಾವಾಗ ಗಾಬರಿಯಾಗುತ್ತಾರೆಂದು ಬಲ್ಲವರು. ಅಲ್ಲಿ ‘ಬೇಡ’ ಅಂದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಅವರು ದೋಣಿಯಲ್ಲಿ ಕೂತು ಉಳಿದವರ ಗುಳ್ಳೆ ಎಣಿಸುತ್ತಾರೆ, ಅಷ್ಟೆ.

ಆ ಕೂಟಗಳಲ್ಲಿ ನಡೆಯುವುದೇನು ಅಂತ ಕೇಳಿದಿರಿ. ಹೆಚ್ಚಿನದು ನೀರಸವೇ. ಕೊಳದ ಅಂಚಿನಲ್ಲಿ ಕೂತು ಮಾಸ್ಕಿನೊಳಗೆ ಬೇಕೆಂದೇ ನೀರು ತುಂಬಿಸಿಕೊಳ್ಳುತ್ತಾರೆ. ಮೇಲಿನ ಅಂಚು ಒತ್ತಿ ಮೂಗಿನಿಂದ ಗಾಳಿ ಬಿಟ್ಟು ಆ ನೀರನ್ನು ಹೊರಗೆ ತಳ್ಳುತ್ತಾರೆ. ಮತ್ತೆ ತುಂಬಿಸುತ್ತಾರೆ, ಮತ್ತೆ ತಳ್ಳುತ್ತಾರೆ. ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದು, ಬಲಗೈ ಬೀಸಿ ಅದನ್ನು ಹುಡುಕಿ ಮತ್ತೆ ಕಚ್ಚುತ್ತಾರೆ. ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರುವಷ್ಟು ಸಲ ಮಾಡುತ್ತಾರೆ.

ಆಮೇಲೆ ಇಬ್ಬಿಬ್ಬರು ಎದುರುಬದುರು ನಿಂತು ಒಬ್ಬರ ಸಾಮಾನು ಒಬ್ಬರು ನೋಡುತ್ತಾರೆ. ಜಾಕೆಟ್ಟಿಗೆ ಗಾಳಿ ತುಂಬುತ್ತದೆಯೇ, ಖಾಲಿಯಾಗುತ್ತದೆಯೇ. ತೂಕದ ಬೆಲ್ಟಿನ ಬಕಲ್ ಒಂದೇ ಎಳೆತಕ್ಕೆ ಬಿಚ್ಚುತ್ತದೆಯೇ. ಕೊನೆಯದು ಗಾಳಿ, ಇದನ್ನು ಗಮನಿಸಿ. ಗೇಜಿನ ಮುಳ್ಳನ್ನೇ ನೋಡುತ್ತಾ ರೆಗ್ಯುಲೇಟರಿನಿಂದ ಮೂರ್ನಾಲ್ಕು ಸಲ ಉಸಿರೆಳೆಯಬೇಕು. ಮುಳ್ಳು 200ರಲ್ಲಿ ಅಲ್ಲಾಡದೆ ನಿಂತರೆ ಸರಿ. ಉಸಿರೆಳೆದಾಗಲೆಲ್ಲ ಕೆಳಗೆ ಬಿದ್ದು ಮತ್ತೆ ಏರಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದು ಅರ್ಥ. ದಡದಲ್ಲಿ ಹೇಗೋ ನಡೆಯುತ್ತದೆ, ಆಳಕ್ಕೆ ಹೋದ ಮೇಲೆ ಗಾಳಿ ಸಾಲದೆ ಬರುತ್ತದೆ. ಈ ತಪಾಸಣೆಗೆ ಒಂದೆರಡು ನಿಮಿಷ ಸಾಕು. ಹಳಬರಾದಷ್ಟೂ ಇದನ್ನು ಬಿಡುವ ಚಪಲ. ಕೂಟದಲ್ಲಿ ನಾಲ್ಕು ಜನರ ಕಣ್ಣಿರುವುದರಿಂದ ಬಿಡಲು ನಾಚಿಕೆಯಾಗುತ್ತದೆ.

ಎಲ್ಲ ಮುಗಿದ ಮೇಲೆ ತಿಂಡಿ. ಆ ಸೀಮೆಯಲ್ಲಿ ಪೆಸರಟ್ಟು, ಒಳಗೆ ಉಪ್ಪಿಟ್ಟು, ಮೇಲೆ ಶುಂಠಿ ಚಟ್ನಿ. ಒದ್ದೆ ಕೂದಲಿನಲ್ಲೇ ಲಾಗ್‌ಬುಕ್ ತೆರೆಯುತ್ತಾರೆ. ಎಷ್ಟು ಆಳ, ಎಷ್ಟು ಹೊತ್ತು, ನೀರು ಎಷ್ಟು ತಿಳಿ, ಎಷ್ಟು ಗಾಳಿ ಉಳಿಯಿತು ಎಂದು ಬರೆದು ಜೊತೆಗಾರರಿಂದ ಸಹಿ ಹಾಕಿಸುತ್ತಾರೆ. ‘ನೀನು ಅಲ್ಲಿ ನನ್ನ ಬಿಟ್ಟು ಮುಂದೆ ಹೋದೆ’ ಎಂಬ ಜಗಳ ನಡೆಯುವುದೂ ಆಗಲೇ. ನನ್ನ ಕೇಳಿದರೆ ಅರ್ಧ ಸುರಕ್ಷತೆ ಹುಟ್ಟುವುದು ಆ ಜಗಳದಲ್ಲಿ.

ಹೀಗೆ ಬಳಗ ಕಟ್ಟಿಕೊಂಡು ಕಲಿಯುವುದು ಹೊಸದೇನಲ್ಲ. ಕುಸ್ಟೊ ಮತ್ತು ಗಾನ್ಯಾಂ ಎಂಬ ಫ್ರೆಂಚರು 1943ರಲ್ಲಿ ನೀರೊಳಗೆ ಉಸಿರಾಡುವ ಸಾಧನ ಆಕ್ವಾಲಂಗ್ ರೂಪಿಸಿದ ಹತ್ತು ವರ್ಷಕ್ಕೆ, 1953ರಲ್ಲಿ, ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಶುರುವಾಯಿತು. ಊರೂರಿನ ಶಾಖೆಗಳವರು ಕೊಳಗಳಲ್ಲಿ ಸೇರಿ, ಬಲ್ಲವರು ಬಾರದವರಿಗೆ ಪುಕ್ಕಟೆ ಕಲಿಸುವ ಪದ್ಧತಿ ಅಲ್ಲಿ ಬೆಳೆಯಿತು. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾಡಿ ಸಂಸ್ಥೆ ಇದನ್ನೇ ಕೋರ್ಸು, ಶುಲ್ಕ, ಕಾರ್ಡುಗಳ ದಾರಿಗೆ ತಂದು ಜಗತ್ತಿಗೆಲ್ಲ ಹಬ್ಬಿಸಿತು. ಎರಡರಲ್ಲೂ ಒಳ್ಳೆಯದಿದೆ. ಕೋರ್ಸು ಅಳತೆ ಕೊಡುತ್ತದೆ, ಬಳಗ ರೂಢಿ ಕೊಡುತ್ತದೆ. ನೇತ್ರಾಣಿಯಲ್ಲಿ ಅರ್ಧ ಗಂಟೆ ಇಳಿದು ಬರುವವರಿಗೆ ಎರಡೂ ಬೇಕಿಲ್ಲ. ಅವರ ಹೊಣೆಯನ್ನು ಪಕ್ಕದ ತರಬೇತುದಾರ ಹೊರುತ್ತಾನೆ, 12 ಮೀಟರಿನ ಮೇಲೇ ಎಲ್ಲ ಮುಗಿಯುತ್ತದೆ. 2022ರ ‘ಗಂಧದ ಗುಡಿ’ ಚಿತ್ರದಲ್ಲಿ ನಟ ಪುನೀತ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ ಎಷ್ಟೋ ಜನ ಮುರ್ಡೇಶ್ವರಕ್ಕೆ ಓಡಿದರು, ಸಂತೋಷವೇ. ನಿಮ್ಮ ಮಗಳ ದಾರಿ ಬೇರೆ. ಓಪನ್ ವಾಟರ್ ಕೋರ್ಸು ಕಲಿತರೆ 18 ಮೀಟರಿನವರೆಗೆ ಜೊತೆಗಾರನೊಬ್ಬನ ಸಂಗಡ ತಾನೇ ಹೋಗಬಹುದು. ಆ ಜೊತೆಗಾರನ ಹೊಣೆ ಅವಳದೂ ಆಗುತ್ತದೆ.

ಕೂಟ ಬರೀ ಮೋಜಿಗೂ ಅಲ್ಲ. ರುಷಿಕೊಂಡದ ಕಡೆಯ ಡೈವರುಗಳು ತಳದಿಂದ ಪ್ಲಾಸ್ಟಿಕ್, ಹರಿದ ಬಲೆ ಎತ್ತುವ ಕೆಲಸ ಹಚ್ಚಿಕೊಂಡಿದ್ದಾರೆ. ಕಡಲಿನಲ್ಲಿ ಬಿಟ್ಟುಹೋದ ಬಲೆ ಯಾರೂ ಎಳೆಯದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ. ಅದನ್ನು ಬಂಡೆಯಿಂದ ಬಿಡಿಸಲು ಇಬ್ಬರು ಕತ್ತರಿಸಬೇಕು, ಮೂರನೆಯವನು ಅವರೇ ಸಿಕ್ಕಿಬೀಳದಂತೆ ನೋಡುತ್ತಿರಬೇಕು. ಒಂಟಿಯಾಗಿ ಆಗುವ ಕೆಲಸವಲ್ಲ. ಮೀನುಗಾರರ ಸ್ನೇಹವೂ ಬೇಕು. ಬಂಡೆ ಎಲ್ಲಿದೆ, ಸೆಳೆತ ಯಾವ ಕಡೆಗೆ ಅನ್ನುವುದು ಅವರಿಗೇ ಗೊತ್ತು. 2021ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ತಂತಡಿ ತೀರಕ್ಕೆ ಬಂದು ಸಿಲುಕಿದ ತಿಮಿಂಗಿಲ ಶಾರ್ಕನ್ನು ಅರಣ್ಯ ಇಲಾಖೆಯವರೂ ಮೀನುಗಾರರೂ ಸೇರಿ ಜೀವಂತವಾಗಿ ಕಡಲಿಗೆ ಕಳಿಸಿದ್ದರು. ಅಂಥ ಸುದ್ದಿ ಮೊದಲು ಮುಟ್ಟುವುದು ದಿನಾ ನೀರಿನ ಬಳಿ ಇರುವವರಿಗೆ.

ಈಗ ನೀವು ಮಾಡಬೇಕಾದದ್ದು. ಬೇಡ ಅನ್ನಬೇಡಿ, ಪ್ರಶ್ನೆ ಕೇಳಿ. ಕಲಿಸುವವರ ಕಾರ್ಡು ಈ ವರ್ಷ ನವೀಕರಣವಾಗಿದೆಯೇ? ವೈದ್ಯಕೀಯ ಪತ್ರ ತುಂಬಿಸಿಕೊಂಡರೇ? ಆಸ್ತಮಾ, ಕಿವಿ, ಹೃದಯದ ವಿಷಯ ಮುಚ್ಚಿಡದಂತೆ ಅವಳಿಗೆ ಹೇಳಿ. ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ಏನಾದರೂ ಆದರೆ ಒತ್ತಡದ ಚಿಕಿತ್ಸೆ ಕೊಡುವ ಕೋಣೆ ಎಲ್ಲಿದೆ, ಅಲ್ಲಿಗೆ ಹೋಗಲು ಎಷ್ಟು ಹೊತ್ತು? ಡೈವಿಂಗ್ ವಿಮೆ ಮಾಡಿಸಿದ್ದಾಳೆಯೇ? ಕೊನೆಯದಾಗಿ ಒಂದೇ ಒಂದು ಕೇಳಿ: ‘ಈಚೆಗೆ ನಿಮ್ಮವರು ಯಾವಾಗ ಡೈವ್ ರದ್ದು ಮಾಡಿದರು, ಯಾಕೆ?’ ‘ನಾವು ಯಾವತ್ತೂ ರದ್ದು ಮಾಡಲ್ಲ ಆಂಟಿ’ ಅಂದರೆ ಆ ಗುಂಪು ಬಿಡಿಸಿ. ‘ಅಲೆ ಹೆಚ್ಚಿತ್ತು’, ‘ಒಬ್ಬಳಿಗೆ ಮನಸ್ಸಿರಲಿಲ್ಲ’ ಅಂದರೆ ನೆಮ್ಮದಿಯಾಗಿ ಕಳಿಸಿ.

ಅವಸರವೇನಿಲ್ಲ. ನಮ್ಮ ನೇತ್ರಾಣಿಯ ಬಾಗಿಲು ಮುಚ್ಚುವುದು ಜೂನಿನ ಮಳೆಗೆ. ಬಂಗಾಳ ಕೊಲ್ಲಿಯಲ್ಲಿ ಹೆದರಬೇಕಾದದ್ದು ಅಕ್ಟೋಬರಿನಿಂದ ಆಚೆಗಿನ ಚಂಡಮಾರುತಕ್ಕೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ವಿಶಾಖಪಟ್ಟಣವನ್ನು ಹೇಗೆ ಬಡಿಯಿತೆಂದು ನಿಮಗೂ ನೆನಪಿರಬಹುದು. ಹವಾ ತಿಳಿಯಾಗುವವರೆಗೆ ಅವಳು ಕೊಳದಲ್ಲೇ ಮಾಸ್ಕಿನ ನೀರು ತಳ್ಳುತ್ತಿರಲಿ. ನಡುವೆ ಒಂದು ಭಾನುವಾರ ನೀವೇ ವಿಜಯವಾಡಕ್ಕೆ ಹೋಗಿ ಅವರ ನಡುವೆ ಕೂತು ಬನ್ನಿ. ಯಾರು ಯಾರನ್ನು ಹೇಗೆ ಮಾತಾಡಿಸುತ್ತಾರೆ ನೋಡಿದರೆ ನಾನು ಈ ಕಾಗದದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನಿಮಗೇ ತಿಳಿಯುತ್ತದೆ. ಹೋಗಿ ಬಂದು ಬರೆಯಿರಿ. ಮಂಗಳಗಿರಿಯ ಸೀರೆ ತಂದಿರಾದರೆ ಅದನ್ನೂ ಬರೆಯಿರಿ.

ವಿಶ್ವಾಸದಿಂದ,
ನಿಮ್ಮ ಗೆಳೆಯ