46 ಲಕ್ಷ ಕಿಲೋಮೀಟರ್ ಓಡಿದ ಟ್ಯಾಕ್ಸಿ

ಜರ್ಮನಿಯ ಸ್ಟಟ್‌ಗಾರ್ಟ್ ನಗರದ ಮರ್ಸಿಡಿಸ್-ಬೆಂಜ್ ವಸ್ತುಸಂಗ್ರಹಾಲಯದ ಬೆಲೆಬಾಳುವ ಕಾರುಗಳ ನಡುವೆ ಹಳೆಯ ಟ್ಯಾಕ್ಸಿಯೊಂದಕ್ಕೂ ಜಾಗ ಸಿಕ್ಕಿದೆ. ಅದು 1976ರ ಡೀಸೆಲ್ ಕಾರು, 240ಡಿ. ಗ್ರೀಸ್‌ನ ಥೆಸಲೋನಿಕಿಯ ಚಾಲಕ ಗ್ರಿಗೋರಿಯೋಸ್ ಸಾಹಿನಿದಿಸ್ 1981ರಲ್ಲಿ ಕೊಂಡಾಗಲೇ ಅದು 2,20,000 ಕಿ.ಮೀ. ಓಡಿತ್ತು. 2004ರಲ್ಲಿ ಸಂಗ್ರಹಾಲಯಕ್ಕೆ ಒಪ್ಪಿಸುವಾಗ ಲೆಕ್ಕ 46 ಲಕ್ಷ ಕಿ.ಮೀ.! ಭೂಮಿಯಿಂದ ಚಂದ್ರನಿಗಿರುವ ದೂರದ ಸುಮಾರು 12 ಪಟ್ಟು.

ಒಂದೇ ಎಂಜಿನ್ ಇಷ್ಟು ದೂರ ಎಳೆಯಲಿಲ್ಲ. ಎಂಜಿನ್‌ಗಳನ್ನು ಅವರು ಸರದಿಯಂತೆ ಇಳಿಸಿ, ದುರಸ್ತಿ ಮಾಡಿಸಿ, ಮತ್ತೆ ಕೂರಿಸುತ್ತಿದ್ದರು. ಘರ್ಷಣೆಯಿಂದ ಲೋಹ ಸವೆಯುವುದು ನಿಸರ್ಗನಿಯಮ. ಕಾಲಕಾಲಕ್ಕೆ ಆಯಿಲ್ ಬದಲಿಸಿದರೆ ಸವೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಳೆಯ ಕಾರು ಕೊಳ್ಳುವವರು ಮೀಟರಿನ ಅಂಕಿಯೊಂದನ್ನೇ ನೋಡಿ ಹೆದರಬೇಕಿಲ್ಲ, ನಂಬಲೂಬಾರದು. ಸರ್ವೀಸ್ ಮಾಡಿಸಿದ ರಸೀದಿಗಳನ್ನು ಕೇಳಿ ನೋಡುವುದು ಜಾಣತನ.