ಚಕ್ರದಡಿಯ ನಿಂಬೆಹಣ್ಣು

ಕಳೆದ ನವರಾತ್ರಿಯಲ್ಲಿ ಎಂದಿನಂತೆ ನಮ್ಮ ಕಾರಿಗೂ ಆಯುಧಪೂಜೆ ನಡೆಯಿತು. ಅರಿಶಿನ ಕುಂಕುಮವಿಟ್ಟು, ಚಕ್ರಗಳಡಿ ನಿಂಬೆಹಣ್ಣು ಇರಿಸಿ ಕಾರನ್ನು ಮುಂದೆ ಚಲಿಸಿ, ಕೈಮುಗಿದೆವು. ಮೂರು ವಾರಗಳ ತರುವಾಯ ಅದೇ ಕಾರು ಎನ್‌ಸಿಟಿ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ಹಿಂಬದಿಯ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪುಗಳೆರಡೂ ತುಕ್ಕು ಹಿಡಿದಿದ್ದವು.

ಐರ್ಲೆಂಡಿನಲ್ಲಿ 2000ದಲ್ಲಿ ಆರಂಭವಾದ ಈ ಪರೀಕ್ಷೆ ಕಾರಿಗೆ ನಾಲ್ಕು ವರ್ಷ ತುಂಬಿದಾಗ ಮೊದಲಾಗಿ ಎರಡು ವರ್ಷಕ್ಕೊಮ್ಮೆ, ಹತ್ತು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ನಡೆಯುತ್ತದೆ. ಇದೊಂದು ಕಿರಿಕಿರಿಯೆಂದು ಗೊಣಗುತ್ತಿದ್ದ ನಾನು ಕಾರಿನಡಿ ತೂರಿ ನೋಡಿದಾಗ ಮೌನಿಯಾದೆ. ಉಗುರಿನಿಂದ ಕೆರೆದರೆ ಪೈಪು ಪದರಪದರವಾಗಿ ಉದುರುತ್ತಿತ್ತು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವ ಬಗೆಯನ್ನು ಕುಂದಾಪುರದ ನಮ್ಮ ಮನೆಯ ಕಿಟಕಿ ಸರಳುಗಳಲ್ಲೇ ಕಂಡಿದ್ದೆ. ಇಲ್ಲಿ ಕಡಲಗಾಳಿಯ ಜೊತೆಗೆ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪೂ ಸೇರುತ್ತದೆ.

ಪೈಪುಗಳನ್ನು ನಾನೇ ಮಾಡಲು ನಿಶ್ಚಯಿಸಿದೆ. ತುಕ್ಕು ಹಿಡಿಯದ, ಕೈಯಿಂದಲೇ ಬಾಗಿಸಬಹುದಾದ 4.75 ಮಿ.ಮೀ. ವ್ಯಾಸದ ತಾಮ್ರ-ನಿಕ್ಕಲ್ ಪೈಪಿನ ಸುರುಳಿ ತಂದೆ. ಕಾರನ್ನು ಎತ್ತಿ, ಜ್ಯಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಹಳೆಯ ಪೈಪನ್ನು ಮಾದರಿಯಾಗಿಟ್ಟು ಹೊಸದನ್ನು ಕತ್ತರಿಸಿ, ತುದಿಯ ಒರಟನ್ನು ಉಜ್ಜಿ, ಫ್ಲೇರಿಂಗ್ ಉಪಕರಣದಿಂದ ಅರಳಿಸಬೇಕು. ಆ ಅರಳಿದ ತುದಿಯೇ ನಟ್ಟಿನ ಒತ್ತಡಕ್ಕೆ ಕುಳಿತು ದ್ರವವನ್ನು ತಡೆಯುತ್ತದೆ. ಮೊದಲ ಪೈಪಿನ ಎರಡು ತುದಿಗಳನ್ನೂ ಅಂದವಾಗಿ ಅರಳಿಸಿದ ಮೇಲೆ ನೆನಪಾಯಿತು: ನಟ್ಟುಗಳನ್ನು ಪೋಣಿಸಿಯೇ ಇರಲಿಲ್ಲ! ಮತ್ತೆ ಕತ್ತರಿಸಿದೆ.

ಪೈಪು ಜೋಡಿಸಿದ ಬಳಿಕ ಒಳಗಿನ ಗಾಳಿಯನ್ನು ಹೊರದೂಡಬೇಕು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಉಳಿದರೆ ಪೆಡಲು ಮೆತ್ತಗಾಗಿ, ಬಲ ಚಕ್ರವನ್ನು ತಲುಪದು. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರುವುದರಿಂದ ಹೊಸ ಬಾಟಲಿಯನ್ನೇ ತೆರೆದೆ. ಮಡದಿ ಪೆಡಲನ್ನು ಒತ್ತಿ ಹಿಡಿಯುವಳು. ನಾನು ಚಕ್ರದ ಬಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಗಳು ಹೊರಬಂದೊಡನೆ ಬಿಗಿದು, "ಈಗ ಬಿಡು" ಎನ್ನುವೆ. ಮುಸ್ಸಂಜೆಗೆ ಪೆಡಲು ಗಟ್ಟಿಯಾಯಿತು. ನನ್ನ ಹೆಮ್ಮೆಗೆ ಮೇರೆಯಿರಲಿಲ್ಲ.

ಆಗ ಅವಳು ಕೇಳಿದಳು: "ನಾಳೆ ಬೆಳಿಗ್ಗೆ ಮಗಳನ್ನು ಇದೇ ಕಾರಿನಲ್ಲಿ ಶಾಲೆಗೆ ಕರೆದೊಯ್ಯುತ್ತೀರಾ?"

ತಟ್ಟನೆ ಹೌದೆನ್ನಲು ನಾಲಿಗೆ ಏಳಲಿಲ್ಲ. ಪ್ರತಿ ಜೋಡಣೆಯ ಕೆಳಗೂ ಹಳೆಯ ಪತ್ರಿಕೆ ಹಾಸಿದೆ. ಬೆಳಿಗ್ಗೆ ನೋಡಿದರೆ ಒಂದರ ಮೇಲೆ ನಾಣ್ಯದಗಲದ ಕಲೆ! ಆ ತುದಿ ತುಸು ಓರೆಯಾಗಿ ಅರಳಿತ್ತು. ಮಗಳು ಆ ದಿನ ಬಸ್ಸಿನಲ್ಲಿ ಹೋದಳು.

ಆ ತುದಿಯನ್ನು ಹೊಸದಾಗಿ ಮಾಡಿ, ಮತ್ತೊಮ್ಮೆ ಗಾಳಿ ತೆಗೆದು, ಕಾರನ್ನು ರಸ್ತೆಗಿಳಿಸುವ ಮುನ್ನ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿದೆ. ಅವರು ಎಲ್ಲವನ್ನೂ ಒಪ್ಪಿದರು, ಒಂದನ್ನುಳಿದು. ಸಸ್ಪೆನ್ಷನ್ ಅಲುಗಿದಾಗ ಪೈಪು ತಗುಲುವಂತಿದ್ದ ಕಡೆ ಕ್ಲಿಪ್ಪನ್ನು ಎರಡು ಬೆರಳಿನಷ್ಟು ಸರಿಸಿದರು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಮರುಪರೀಕ್ಷೆಯಲ್ಲಿ ಕಾರು ತೇರ್ಗಡೆಯಾಯಿತು.

ಈ ಕೆಲಸವನ್ನು ಎಲ್ಲರೂ ಮನೆಯಲ್ಲೇ ಮಾಡಿರೆಂದು ನಾನು ಹೇಳಲಾರೆ. ಮಾಡಿದವರು ಬಲ್ಲವರ ಕಣ್ಣಿಗೆ ತೋರಿಸದೆ ಹೊರಡಬಾರದೆಂದು ಮಾತ್ರ ಹೇಳಬಲ್ಲೆ. ಮುಂದಿನ ಆಯುಧಪೂಜೆಗೆ ನಿಂಬೆಹಣ್ಣು ಇಡಲು ಹೇಗೂ ಬಾಗುತ್ತೇವೆ. ಆಗ ಒಂದು ಟಾರ್ಚು ಹಿಡಿದು ಇನ್ನೂ ಸ್ವಲ್ಪ ಬಾಗಿ ನೋಡೋಣ.